ಅಪ್ಪ ಹತ್ತದ ದೋಣಿ

ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಶುಕ್ರವಾರವೇ ನೆನಪಾಗುತ್ತದೆ.

ಒಮಾನ್ ಗಡಿಯಾಚೆಯ ಸುಣ್ಣಕಲ್ಲಿನ ದ್ವೀಪ, ಗುಹೆಗಳನ್ನು ತೋರಿಸಲು ಅಪ್ಪ ನಮ್ಮನ್ನು ದುಬೈಯಿಂದ ಕರೆದುಕೊಂಡು ಹೊರಟಿದ್ದರು. ದೋಣಿ ಹತ್ತುವ ದಕ್ಕೆಯಲ್ಲಿ ಕಾಸರಗೋಡಿನ ಗೈಡ್ ನಮ್ಮ ಪಾಸ್‌ಪೋರ್ಟ್‌ಗಳನ್ನು ಮಗುಚಿ ನೋಡಿದ.

"ಕಂಪೆನಿಯವರು ಹೋದ ತಿಂಗಳೇ ನಿಮ್ಮ ವೀಸಾ ಕ್ಯಾನ್ಸಲ್ ಮಾಡಿದ್ದಾರಲ್ಲ ಸಾರ್. ಬೋಟು ಹತ್ತಿದ್ರೆ ನಿಮ್ಮನ್ನು ವಾಪಸ್ ಬರ್ಲಿಕ್ಕೆ ಬಿಡುದಿಲ್ಲ. ಇವರಿಬ್ಬರದ್ದು ಬೇರೆ ವಿಸಿಟ್ ವೀಸಾ, ಹೋಗಿ ಬರ್ಬಹುದು."

ಅಪ್ಪ ಅಮ್ಮನ ಮುಖ ನೋಡಲಿಲ್ಲ. "ನೀವು ಹೋಗಿ ಬನ್ನಿ, ಮಗು ಆಸೆಪಟ್ಟಿದೆ" ಎಂದು ಅಲ್ಲೇ ಉಳಿದರು.

ದೋಣಿಯ ಡೀಸೆಲ್ ಹೊಗೆ ತುಂಬಿದ ಗುಹೆಯೊಳಗೆ ಗೈಡ್ ನನಗೆ ಕೂಗಲು ಹೇಳಿದ. "ಅಪ್ಪಾ" ಎಂದೆ. ಒದ್ದೆ ಬಂಡೆಗಳೆಲ್ಲ ಅದನ್ನೇ ಹೇಳಿದವು. ಅಮ್ಮ ನನ್ನ ಬಾಯಿ ಮುಚ್ಚಿದಳು.

ಸಂಜೆ ಅಪ್ಪ ಅದೇ ಜಾಗದಲ್ಲಿ ಕೂತಿದ್ದರು. ಅಮ್ಮ ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಇಷ್ಟು ದಿನ ಆಫೀಸಿಗೆ ಅಂತ ನಾನು ಕಟ್ಟಿಕೊಟ್ಟ ಬುತ್ತಿ ಎಲ್ಲಿ ಕೂತು ತಿಂದ್ರಿ?"