ಮೊದಲು ಟವರ್

ಬಂದೂಕುಧಾರಿಗಳು ಜೈಲಿನ ಬಾಗಿಲು ಸಿಡಿಸಿ ನುಗ್ಗಿದಾಗ ಕೈದಿ ಭರಮಪ್ಪ ಗೋಡೆಗೊರಗಿ ಕುಳಿತಿದ್ದ. ಹೊರಗೆ ಯಾರಿಗೂ ತಿಳಿಯದ ನಿಯಮದಂತೆ, ಜೈಲಿಗೆ ಬಂದ ದಿನವೇ ಎಲ್ಲರ ಹಾಗೆ ಅವನ ಹೃದಯವನ್ನೂ ಬದಲಿಸಿದ್ದರು. ಹೊಸದು ಜೈಲಿನ ಟವರಿನ ಸಿಗ್ನಲ್ ಮೇಲೆ ಬಡಿಯುತ್ತಿತ್ತು. ಸಿಗ್ನಲ್ ಹೋದರೆ ಐದಾರು ನಿಮಿಷದ ಆಯುಷ್ಯವಷ್ಟೇ.

"ಏಳಣ್ಣಾ, ಇಲ್ಲೇ ಸಂಸಾರ ಹೂಡೀಯೇನು?" ದಂಡಿನ ಮುಂದಾಳಾಗಿದ್ದ ತಂಗಿ ಗಂಗವ್ವ ನಕ್ಕಳು. "ನೀ ಕಲಿಸಿದಂಗ ಮಾಡೇವಿ. ಯಾರಿಗೂ ಫೋನ್ ಹೋಗಬಾರದಂತ ಮೊದಲ ಟವರ್ ಕೆಡವೇವಿ."

ಕೋಣೆಗಳೆಲ್ಲ ತೆರೆದಿದ್ದರೂ ಯಾರೂ ಓಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದರು.

"ಇವರಿಗೆಲ್ಲ ಅಂಜಿಕಿ ಏನ?"

ನಿಜ ಹೇಳಿದರೆ ಅವಳು ಬದುಕಿರುವ ತನಕ ಅದನ್ನು ಹೊರಬೇಕು. ಹೇಳದಿದ್ದರೆ ಮುಂದಿನ ಜೈಲಿನಲ್ಲೂ ಮೊದಲು ಟವರನ್ನೇ ಕೆಡವುತ್ತಾಳೆ.

ಭರಮಪ್ಪನ ಎದೆ ಒಂದು ಬಡಿತ ತಪ್ಪಿತು.

"ಕೂಡು, ತಂಗಿ," ಎಂದ. "ಒಂದು ಮಾತು ಹೇಳೋದೈತಿ."