ತೊಗಟೆಯ ಕೆಳಗೆ

ದೊನಾತಾ ಚಾಕುವಿನ ತುದಿಯಿಂದ ಕಸಿಕೊಂಬೆಯ ತೊಗಟೆ ಕೆರೆದಳು. ಜೀವವಿದ್ದರೆ ಒಳಗೆ ಹಸಿರಿರಬೇಕಿತ್ತು, ಇರಲಿಲ್ಲ. ಲೆಚ್ಚೆ ಸೀಮೆಯ ಆಲಿವ್ ತೋಟಗಳನ್ನೆಲ್ಲ ಒಣಗಿಸಿದ ರೋಗಕ್ಕೆ ಬಗ್ಗದ ತಳಿಯೆಂದು, ತನ್ನ ಸಂಶೋಧನಾ ಕೇಂದ್ರದಿಂದ ತಂದು ಅಪ್ಪನ ಹಳೆಯ ಮರಕ್ಕೆ ಅವಳೇ ಕಟ್ಟಿದ ಕಸಿ ಅದು.

"ಕೊಂಬೆ ಹೋದ್ರೆ ಹೋಗ್ಲಿ, ಬುಡ ನೋಡೇ," ಎಂದರು ಅಪ್ಪ ಓರೊಂಟ್ಸೊ. "ನಿಮ್ಮಜ್ಜಿ ಥರ ಮೊಂಡು ಮರ ಇದು. ಅಷ್ಟು ಸುಲಭಕ್ಕೆ ಸಾಯಲ್ಲ."

ಅವಳು ಕಾಂಡವನ್ನು ಕೆರೆದಳು. ಮಂಡಿಯೂರಿ, ಮಣ್ಣು ಬಗೆದು, ಬೇರನ್ನೂ ಕೆರೆದಳು. ಎಲ್ಲೆಲ್ಲೂ ಒಣ ಕಂದು ಬಣ್ಣವೇ. "ಊರವರ ತೋಟದಲ್ಲೆಲ್ಲ ಈ ಕಸಿ ಚಿಗುರಿದೆ ಅಪ್ಪಾ. ನಿನ್ನ ಮರಕ್ಕೇ ನಾನು ತಡಮಾಡಿ ಕಟ್ಟಿದೆ," ಎಂದು ಬಿಕ್ಕಿದಳು. ಆದರೂ ಕೈ ನಿಲ್ಲಲಿಲ್ಲ.

ಓರೊಂಟ್ಸೊ ಬಗ್ಗಿ ಅವಳ ಮಣಿಕಟ್ಟು ಹಿಡಿದರು. "ಸಾಕು ಮಗಳೇ. ಮರಕ್ಕೆ ನೋವಾಗುತ್ತೆ."