ಐದನೆಯ ಫೋಟೊ

ಐದನೆಯ ಫೋಟೊದಲ್ಲಿ ಹೆಣದ ತುಟಿ ಅಲುಗಿತ್ತು.

ಓಂಕಾರೇಶ್ ಮೊಬೈಲನ್ನು ಕಣ್ಣ ಹತ್ತಿರ ತಂದ. ಜಗಲಿಯ ಕಟ್ಟೆಯ ಮೇಲೆ ಅವನೊಬ್ಬನೇ ಕೂತಿದ್ದ. ಕ್ಯಾಮೆರಾ ಒಳಗಿನ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲೆ, ಹೆಣದ ಎದುರಿಗೇ ಇತ್ತು. ಅದರ ಮೆಮೊರಿ ಕಾರ್ಡಿಗೆ ತಂತಿ ಬೇಕಿರಲಿಲ್ಲ. ಹತ್ತು ಹೆಜ್ಜೆಯೊಳಗೆ ಮೊಬೈಲ್ ಇದ್ದರೆ ಸಾಕು, ತೆಗೆದ ಫೋಟೊಗಳನ್ನು ಗಾಳಿಯಲ್ಲೇ ಕಳಿಸುತ್ತಿತ್ತು. ಆದರೆ ಬಲು ನಿಧಾನ. ಒಂದೊಂದಕ್ಕೂ ಒಂದೊಂದು ನಿಮಿಷ. ತೆಗೆದದ್ದು ಎಂಟು. ಇನ್ನೂ ಮೂರು ಬರಬೇಕಿತ್ತು.

ಅಜ್ಜಂಪುರದ ಅವನ ಸ್ಟುಡಿಯೊಗೆ ಸಾವಿನ ಮನೆಯ ಕರೆ ಹೊಸದಲ್ಲ. ಲಿಂಗವಂತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ, ತೋಳಿಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆ ಭಂಗಿಯ ಫೋಟೊ, ಮಣ್ಣು ಮಾಡುವುದರೊಳಗೆ ಕಟ್ಟು ಹಾಕಿಸಿ ಬರಬೇಕು. ಕಾರ್ಡಿನಿಂದ ಮೊಬೈಲಿಗೆ, ಮೊಬೈಲಿನಿಂದ ಸ್ಟುಡಿಯೊದಲ್ಲಿರುವ ಹೆಂಡತಿ ಭುವನಾಳಿಗೆ. ಗುಂಡಿ ತೋಡಿ ಮುಗಿಯುವಷ್ಟರಲ್ಲಿ ಅವಳು ಚೌಕಟ್ಟು ಕಳಿಸಿಬಿಡುತ್ತಿದ್ದಳು.

ಬೆಳಗಿನ ಜಾವ ಪರಮೇಶ್ ಎಂಬಾತ ಫೋನ್ ಮಾಡಿದ್ದ. ತರೀಕೆರೆ ರಸ್ತೆಯ ಹಳ್ಳಿ, ನಮ್ಮಪ್ಪ ಕರಿಸಿದ್ದಪ್ಪನವರ ಮನೆ ಅಂತ ಕೇಳಿ, ಸಾವಾಗಿದೆ, ಒಂಬತ್ತಕ್ಕೆ ಬನ್ನಿ ಎಂದಿದ್ದ. ಕಡೂರಿನಲ್ಲಿ ಮದುವೆಯೊಂದನ್ನು ಒಪ್ಪಿಕೊಂಡಿದ್ದ ಓಂಕಾರೇಶ್ ಎಂಟಕ್ಕೇ ಬಂದಿಳಿದ. ತೆಂಗಿನ ಸಾಲಿನಾಚೆ ಇಬ್ಬರು ಗುಂಡಿ ತೋಡುತ್ತಿದ್ದರು. ಮನೆಯ ಮುಂದೆ ಜನವಿಲ್ಲ. ಅಳುವಿಲ್ಲ. ನಡುಮನೆಯಲ್ಲಿ ಪರಮೇಶನ ಹೆಂಡತಿ ಧನ್ಯಶ್ರೀ, ಮುಚ್ಚಿದ ಬಾಗಿಲೊಂದಕ್ಕೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕ್ಯಾಮೆರಾ ಚೀಲ ಕಂಡವಳೇ ಏನೋ ಕೈಯಾಡಿಸಿ ತೋಟದ ಕಡೆ ಓಡಿದಳು. ಒಳಗೆ ಹೋಗಿ ಎಂದಿರಬೇಕು ಎಂದುಕೊಂಡ ಅವನು, ಊದುಬತ್ತಿಯ ಹೊಗೆ ಬರುತ್ತಿದ್ದ ಎದುರು ಬಾಗಿಲನ್ನು ತಳ್ಳಿದ. ಮುದುಕರು ಗೋಡೆಗೆ ಒರಗಿ ಕೂತಿದ್ದರು. ಮೈತುಂಬ ವಿಭೂತಿ. ಅಂಗೈಯಲ್ಲಿ ಲಿಂಗ. ಮುಚ್ಚಿದ ಕಣ್ಣು.

ಸತ್ತವರ ಮುಖವನ್ನು ಓಂಕಾರೇಶ್ ನೇರವಾಗಿ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷದ ಅಂಜಿಕೆ ಅದು. ಹಣೆಯ ವಿಭೂತಿಗೆ ಫೋಕಸ್ ಹಿಡಿದು, ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕಿಗೆ ಒಂದೊಂದು ಸೆಕೆಂಡಿನಂತೆ ಎಂಟು ಸಲ ಗುಂಡಿ ಒತ್ತಿದ. ಫೋಟೊಗಳು ಮೊಬೈಲಿಗೆ ಬರುತ್ತಿರಲಿ ಎಂದು ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಮೊದಲ ನಾಲ್ಕು ಭುವನಾಳಿಗೆ ತಲುಪಿಯೂ ಆಗಿತ್ತು. “ಅಜ್ಜ ಎಷ್ಟ್ ಲಕ್ಷಣವಾಗವ್ರೆ ಕಣ್ರೀ,” ಎಂದು ಅವಳ ದನಿ ಬಂದಿತ್ತು. “ಬದುಕಿರೋರನ್ನೂ ನೀವು ಇಷ್ಟ್ ಚೆನ್ನಾಗಿ ತೆಗ್ದಿಲ್ಲ.”

ಈಗ ಐದನೆಯದು. ಗೋಡೆಯ ಮೊಳೆ ಸ್ಪಷ್ಟ. ಪಂಚೆಯ ಅಂಚು ಸ್ಪಷ್ಟ. ತುಟಿ ಮಾತ್ರ ಕಲಸಿಹೋಗಿತ್ತು. ಕ್ಯಾಮೆರಾ ಅಲುಗಿದ್ದರೆ ಮೊಳೆಯೂ ಕಲಸಿಹೋಗಬೇಕಿತ್ತಲ್ಲ.

ಆರನೆಯದು ಬಂತು. ಎದೆಯ ಮೇಲಿನ ರುದ್ರಾಕ್ಷಿ ಎರಡೆರಡಾಗಿ ಕಾಣುತ್ತಿತ್ತು. ಎದೆ ಏರಿ ಇಳಿದಿದೆ. ಏಳನೆಯದರಲ್ಲಿ ಹೆಬ್ಬೆರಳು ಜರುಗಿದೆ.

ಉಸಿರಿರುವ ಮನುಷ್ಯನನ್ನು ಹೆಣವೆಂದು ಕೂರಿಸಿಬಿಟ್ಟಿದ್ದಾರೆ. ತೋಟದಲ್ಲಿ ಹಾರೆ ಕಲ್ಲಿಗೆ ತಗುಲಿದ ಸದ್ದು ಕೇಳಿತು. ಇನ್ನೆಷ್ಟು ಆಳ ಉಳಿದಿದೆಯೋ.

ಅಷ್ಟರಲ್ಲಿ ಪರಮೇಶ್ ತೋಟದ ಕಡೆಯಿಂದ ಏದುತ್ತ ಬಂದ, ಅವನ ಹಿಂದೆಯೇ ಧನ್ಯಶ್ರೀ. ಅವನ ಕೈಗೆಲ್ಲ ಹಸಿ ಮಣ್ಣು ಮೆತ್ತಿತ್ತು. ಓಂಕಾರೇಶ್ ಮೊಬೈಲನ್ನು ಮುಂದೆ ಹಿಡಿದ. ಪರಮೇಶನ ಮುಖ ಬಿಳಿಚಿಕೊಂಡಿತು. ಆದರೆ ಅದು ಆಶ್ಚರ್ಯವಾಗಿರಲಿಲ್ಲ.

“ಒಳಗೆ ಹೋಗಿದ್ರಾ? ಒಂಬತ್ತಕ್ಕೆ ಬನ್ನಿ ಅಂದಿದ್ನಲ್ಲ ಕಣ್ರೀ.”

“ಇವರು...”

“ಮೆಲ್ಲಗೆ ಮಾತಾಡಿ. ನಿಮ್ಮನ್ನ ನೋಡಿದ್ರಾ ಅವ್ರು?”

ಹೆಣ ನೋಡಿತೇ ಎಂದು ಯಾವ ಮಗ ಕೇಳುತ್ತಾನೆ? ಓಂಕಾರೇಶ್ ಇಲ್ಲವೆಂದು ತಲೆಯಾಡಿಸಿದ.

“ಸದ್ಯ. ಅವ್ರಿಗೆ ಗೊತ್ತಾಗಬಾರ್ದು. ಇನ್ನೊಂದರ್ಧ ಗಂಟೆ ಹಿಂಗೇ ಇರ್ಲಿ. ಊರೋರ್ನೂ ಅದ್ಕೇ ತಡ್ದಿದ್ದೀವಿ.”

ಪರಮೇಶನ ಕಣ್ಣೆದುರೇ ಎಂಟನೆಯದು ಬಂತು. ಕಣ್ಣು ಅರ್ಧ ತೆರೆದಿತ್ತು. ನೋಟ ಅಂಗೈಯ ಮೇಲಿತ್ತು.

“ಮುಗೀತಾ ಬಂತು,” ಎಂದ ಪರಮೇಶ್ ಹೆಂಡತಿಗೆ. ಅವಳು ಸದ್ದಾಗದಂತೆ ಮುದುಕರ ಕೋಣೆಯ ಹೊಸ್ತಿಲ ಬಳಿ ಹೋಗಿ ನಿಂತಳು.

ಹಾಗಾದರೆ ಇವರಿಗೆಲ್ಲ ಗೊತ್ತಿದೆ. ಜನ ಸೇರದಿರುವುದು, ಯಾರೂ ಅಳದಿರುವುದು, ಎಲ್ಲವೂ ಗೊತ್ತಿದ್ದೇ. ನೋಡಿದ ತನ್ನನ್ನು ಇವರು ಸುಮ್ಮನೆ ಬಿಟ್ಟಾರೆಯೇ? ರಸ್ತೆಯಲ್ಲಿ ಗಾಡಿ ನಿಂತಿದೆ. ಓಡಿಬಿಡಬಹುದು. ಮಡದಿಯ ಮುಖ ಕಣ್ಣ ಮುಂದೆ ಹಾಯಿತು. ಆದರೆ ಒಳಗಿರುವುದೂ ಒಂದು ಜೀವ. ಇಪ್ಪತ್ತು ವರ್ಷ ತಾನು ನೋಡದೆ ಬಿಟ್ಟ ಎಷ್ಟೋ ಮುಖಗಳಲ್ಲಿ, ಇನ್ನೂ ಉಳಿಸಬಹುದಾದ ಒಂದೇ ಒಂದು. ಶಿವನೇ ಎಂದುಕೊಂಡ. ಧನ್ಯಶ್ರೀಯನ್ನು ಸರಿಸಿ ಒಳಗೆ ನುಗ್ಗಿದ.

ಹಿಂದೆ ಪರಮೇಶ್ ಪಿಸುದನಿಯಲ್ಲೇ ಬೇಡ್ಕೋತೀನಿ ಎನ್ನುತ್ತಿದ್ದ.

ಮುದುಕರು ಲಿಂಗವನ್ನು ಅದರ ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು ಮುಚ್ಚಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಓಂಕಾರೇಶ್ ಅವರ ರಟ್ಟೆ ಹಿಡಿದ. ಬೆಚ್ಚಗಿತ್ತು.

“ಏಳಿ ಯಜಮಾನ್ರೇ. ಇಲ್ಲಿರಬೇಡಿ. ನನ್ ಜೊತೆ ಬನ್ನಿ.”

ಅವರು ಹೆದರಲಿಲ್ಲ. ಸ್ಟ್ಯಾಂಡಿನ ಮೇಲಿನ ಕ್ಯಾಮೆರಾವನ್ನು ನೋಡಿದರು, ಇವನನ್ನು ನೋಡಿದರು, ಬಾಗಿಲಲ್ಲಿ ಮಣ್ಣಿನ ಕೈ ಹಿಂದೆ ಮಾಡಿ ನಿಂತ ಮಗನನ್ನು ನೋಡಿದರು. ಮುಖದಲ್ಲಿ ನಗೆ ಮೂಡಿತು.

“ಫೋಟೊದೋರ್ನ ಕರೆಸಿದ್ದೀಯೇನೋ ಪರಮೇಶ? ನನ್ ಲಿಂಗಪೂಜೆನೂ ಮುಗೀತು. ಹಂಗಾದ್ರೆ ಎದುರು ಕೋಣೇಲಿ ಮಲಗಿರೋ ನಿಮ್ಮವ್ವನ್ನೂ ಎಬ್ಬಿಸು. ಯಾವತ್ತೂ ಇಷ್ಟೊತ್ತು ಮಲಗಿದೋಳಲ್ಲ.”